ವೈರಿನ ಜಡೆ ಬಿಚ್ಚಿದ ಭಾವನಿಗೆ

ಭಾವ, ನಿಮಗೆ ಹೇಳುವಷ್ಟು ದೊಡ್ಡವಳಲ್ಲ ನಾನು, ಕ್ಷಮಿಸಿ. ಆದರೆ ಹೇಳದೆ ಕೆಲಸಕ್ಕೆ ಹೊರಡಲಾರೆ.

ನಿನ್ನೆ ನನ್ನ ಆಂಪ್ಲಿಫೈಯರ್ ಬಿಚ್ಚಿ, ನಾನು ಜೋಡಿಜೋಡಿಯಾಗಿ ಹೊಸೆದಿದ್ದ ವೈರುಗಳನ್ನೆಲ್ಲ ಬಿಡಿಸಿ ನೀಟಾಗಿ ಸಾಲು ಮಾಡಿದ್ದೀರಿ. “ಜಡೆ ತಲೆಗೆ ಹಾಕ್ತಾರೆ, ವೈರಿಗೆ ಯಾರಾದ್ರೂ ಹಾಕ್ತಾರಾ?” ಅಂತ ಅಕ್ಕನ ಹತ್ತಿರ ನಕ್ಕಿರಂತೆ. ಹಾಕುತ್ತಾರೆ ಭಾವ, ಗುಂಯ್ ಅನ್ನಬಾರದೆಂದೇ ಹಾಕುತ್ತಾರೆ! ಈಗ ನೋಡಿ, ಸ್ಪೀಕರಿನೊಳಗೆ ದುಂಬಿ ಹೊಕ್ಕ ಹಾಗಿದೆ. ಶೀಲ್ಡ್ ವೈರಿಗೆ ಸುತ್ತಿರುವ ತಂತಿಬಲೆಯನ್ನು ನಾನು ಒಂದೇ ತುದಿಯಲ್ಲಿ ಬೆಸೆದದ್ದು ಮರೆವಿನಿಂದಲ್ಲ; ಎರಡೂ ತುದಿ ಬೆಸೆದರೆ ಅದೂ ಗುಂಯ್ ಅನ್ನುತ್ತದೆ. ಇನ್ನೊಂದು ತುದಿಯನ್ನೂ ಬೆಸೆಯಲು ನಿಮಗೆ ಹೇಳಿದವರು ಯಾರು?

ಇವತ್ತು ಸಂಜೆ ಏಳಕ್ಕೆ ನಮ್ಮ ಎಲೆಕ್ಟ್ರಾನಿಕ್ಸ್ ಕ್ಲಾಸಿನ ಮೇಷ್ಟ್ರು ಈ ಆಂಪ್ಲಿಫೈಯರಿನ ಸದ್ದು ಕೇಳಿಯೇ ನನ್ನನ್ನು ಪಾಸು ಮಾಡಬೇಕು. ಐದಕ್ಕೆ ಬಂದು ಮತ್ತೆ ಹೊಸೆಯುತ್ತೇನೆ. ಸೋಲ್ಡರಿಂಗ್ ಐರನ್ ಮೇಜಿನ ಮೇಲಿಟ್ಟು, ದಯವಿಟ್ಟು ದೂರ ಇರಿ.

ನೀವು ಇನ್ನೇನೇನು ಮುಟ್ಟಿದ್ದೀರೋ, ಎಲ್ಲ ಮೊದಲಿನಂತೆ ಮಾಡಿದ ಮೇಲೂ ಗುಂಯ್ ನಿಲ್ಲುತ್ತದೋ ಇಲ್ಲವೋ, ನನಗೂ ಗೊತ್ತಿಲ್ಲ.