ಸಹಜವಾಗಿ ನಡೆಯುವ ಕೆಲಸ

ಅಕ್ಕನಿಗೆ,

ಈ ಕೆಲಸವನ್ನೂ ಬಿಟ್ಟೆನೆಂದು ಅಮ್ಮ ಅಂದುಕೊಳ್ಳುವ ಮೊದಲೇ ಹೇಳಿಬಿಡುತ್ತೇನೆ, ಇನ್ನೂ ಬಿಟ್ಟಿಲ್ಲ. ಆದರೆ ತಲೆ ಚಿಟ್ಟು ಹಿಡಿದಿದೆ.

ಗುಂಪಿನಲ್ಲಿ ಜನ ಹೇಗೆ ನಡೆಯುತ್ತಾರೆಂದು ಇಲ್ಲಿ ಸಂಶೋಧನೆ ಮಾಡುತ್ತಾರೆ. ಕೂಲಿಗೆ ನಡೆಯಲು ಬಂದ ನಮಗೆಲ್ಲ ಕೆಂಪು ಟೋಪಿ ಹಾಕಿ, ಚಾವಣಿಗೆ ಕ್ಯಾಮೆರಾ ಕಟ್ಟಿ, "ಸಹಜವಾಗಿ ನಡೀರಿ" ಅನ್ನುತ್ತಾರೆ. ನಾನು ಎಂದಿನಂತೆ ಸಂದಿ ಸಿಕ್ಕಲ್ಲೆಲ್ಲ ನುಗ್ಗಿದೆ. ಅಳತೆ ತೆಗೆಯುವ ಸಾರ್, "ಇವನದು ಹುಚ್ಚು ನಡಿಗೆ, ಲೆಕ್ಕದಿಂದ ತೆಗೀರಿ" ಅಂದರು. ಗಣಿತದ ಮೇಡಂ ಒಪ್ಪಲಿಲ್ಲ. "ಪ್ರತಿ ಗುಂಪಲ್ಲೂ ಇಂಥವನೊಬ್ಬ ಇದ್ದೇ ಇರ್ತಾನೆ ಸಾರ್. ಇವನನ್ನ ಬಿಟ್ಟರೆ ನನ್ನ ಸೂತ್ರವೇ ಸುಳ್ಳು. ನಾಳೆನೂ ಹೀಗೇ ನಡಿಯಪ್ಪ."

ಅಲ್ಲಿಗೆ ನನ್ನ ಕಾಲು ಕೆಟ್ಟಿತು. ಮರುದಿನ ನನ್ನನ್ನೇ ಅಣಕಿಸುವವನ ಹಾಗೆ ನಡೆದೆ. ಮೇಡಂ ಮಾಡಿಟ್ಟ ಸೂತ್ರಕ್ಕೆ ಪರದೆಯಲ್ಲಿ ಚುಕ್ಕಿಗಳಾಗಿ ಕಾಣುವ ನಮ್ಮ ಟೋಪಿಗಳೆಲ್ಲ ಚೊಕ್ಕವಾಗಿ ಹೊಂದಿದವು, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು, "ಅದು ನಾಟಕ ಮೇಡಂ, ತೆಗೆದುಹಾಕಿ" ಅಂದೆ. ಮೇಡಂ ಮುಖ ಸಪ್ಪಗಾಯಿತು. "ಬಾಯಿ ಮುಚ್ಕೊಂಡಿರೋಕೆ ಏನು ರೋಗ ನಿಂಗೆ?" ಅಂತ ಸಾರ್ ಬೈದರು. ತಿಂಗಳ ಕೊನೆಗೆ ಇನ್ನೊಂದು ಸಲ ನಡೆಸುತ್ತಾರೆ. ಆಗಲೂ ಸಹಜವಾಗಿ ನಡೆಯದಿದ್ದರೆ ಮನೆಗೆ ಹೋಗಬೇಕಂತೆ. ಶಾಲೆಯಲ್ಲಿ ಕೂರಲು ಬರಲಿಲ್ಲ, ಇಲ್ಲಿ ನಡೆಯಲೂ ಬರುತ್ತಿಲ್ಲ.

ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದೆ, ಮಿಕ್ಕಂತೆ ಆರೋಗ್ಯ. ಅಮ್ಮನಿಗೆ ಬೊಬ್ಬೆಯ ವಿಷಯ ಮಾತ್ರ ಹೇಳು.

ಚಿಕ್ಕಂದಿನಿಂದ "ನಿಲ್ಲೋ, ನಿಲ್ಲೋ" ಎಂದು ನನ್ನ ಹಿಂದೆ ಓಡಿದವಳು ನೀನು. ನಾನು ಹೇಗೆ ನಡೆಯುತ್ತಿದ್ದೆ ಎಂದು ಬೇಗ ಬರೆದು ಕಳಿಸು. ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿನ್ನ ತಮ್ಮ,
ಚಕ್ರಗಾಲ