ತವರಿಗೆ ಬಂದವಳು ಯಾವ ಊರಿನವಳು?

ಮಾನ್ಯ ಮಾಜಿ ಶಾಸಕರೇ, ಈಗಿನ ಆರೋಗ್ಯ ನೀತಿ ಸಮಿತಿಯ ಅಧ್ಯಕ್ಷರೇ,

ಚೇಳೂರು ಹೋಬಳಿಯ ನಿಮ್ಮ ಸ್ವಂತ ಊರಿನಲ್ಲಿ ನೀವೇ ತೆರೆಸಿದ ಹೆರಿಗೆ ಕೋಣೆಗೆ ಬರುವ ಒಂದನೇ ತಾರೀಖು ನೀವೇ ಬೀಗ ಹಾಕಿಸುತ್ತಿದ್ದೀರಿ. ನನ್ನ ನಾದಿನಿ ತಿಪ್ಪಮ್ಮನಿಗೆ ದಿನ ತುಂಬುವುದು ಐದನೇ ತಾರೀಖಿಗೆ.

ನನಗೆ ಮದುವೆಯಾಗಿ ಮೂರು ತಿಂಗಳು. ಯಜಮಾನರ ಸೈಕಲ್ ಗಂಟೆ ಕೇಳಿದರೆ ಈಗಲೂ ಒಲೆಯ ಮೇಲಿನ ಹಾಲು ಮರೆತು ಬಾಗಿಲಿಗೆ ಓಡುತ್ತೇನೆ. ಅಷ್ಟು ಸಂತೋಷದ ಮನೆ ಇದು. ತುಮಕೂರಿನಲ್ಲಿ ಇಂಗ್ಲಿಷ್ ಮೀಡಿಯಂ ಓದಿದ ಸೊಸೆಯೆಂದು ನಿಮ್ಮ ಸುತ್ತೋಲೆಯನ್ನು ಓದಿ ಹೇಳುವ ಕೆಲಸ ನನಗೇ ಬಂತು. ಎಷ್ಟು ಚೆಂದದ ಇಂಗ್ಲಿಷ್! ಆಯಾ ಹೋಬಳಿಯ ಖಾಯಂ ನಿವಾಸಿಗಳ ಹೆರಿಗೆಗಳನ್ನು ಮಾತ್ರ ಎಣಿಸಬೇಕಂತೆ. ವರ್ಷಕ್ಕೆ ಇಪ್ಪತ್ತೈದು ಆಗದಿದ್ದರೆ ಕೋಣೆ ಮುಚ್ಚಿ ನರ್ಸನ್ನು ಗುಬ್ಬಿಗೆ ಕಳಿಸಬೇಕಂತೆ. ಕಳೆದ ವರ್ಷ ಇಲ್ಲಿ ಅರವತ್ತೆರಡು ಕೂಸುಗಳು ಹುಟ್ಟಿವೆ. ನಿಮ್ಮ ಎಣಿಕೆಗೆ ಸಿಕ್ಕಿದ್ದು ಒಂಬತ್ತು. ಉಳಿದ ತಾಯಂದಿರು ಎಲ್ಲಿಯವರು? ಈ ಊರಿನ ಹೆಣ್ಣುಮಕ್ಕಳೇ, ಸ್ವಾಮಿ. ಚೊಚ್ಚಲ ಹೆರಿಗೆಗೆ ತವರಿಗೆ ಬಂದವರು. ವಿಳಾಸ ಮಾತ್ರ ಗಂಡನ ಊರಿನದು. ಈ ಊರಿನ ಸೊಸೆಯರೋ, ಅವರವರ ತವರಿಗೆ ಹೋಗಿದ್ದರು.

ಹದಿನೈದು ವರ್ಷ ಓಟು ಕೇಳಿಕೊಂಡು ನಮ್ಮ ಅಡುಗೆಮನೆಗಳ ತನಕ ಬಂದವರಿಗೆ ಇದು ಗೊತ್ತಿರಲಿಲ್ಲವೇ? ಈ ಕೋಣೆಗಾಗಿ ವಿಧಾನಸಭೆಯಲ್ಲಿ ಧರಣಿ ಕೂತವರು ನೀವು. ಸಮಿತಿಯ ಕುರ್ಚಿ ಅಷ್ಟೊಂದು ಎತ್ತರವೇ, ಅಲ್ಲಿಂದ ಬಸುರಿಯ ಹೊಟ್ಟೆಯೂ ಕಾಣದಷ್ಟು?

ಕೋಣೆ ಇಲ್ಲದ ಕಾಲದಲ್ಲಿ ತಿಪ್ಪಮ್ಮನ ಅಕ್ಕ ಗುಬ್ಬಿಯ ದಾರಿಯಲ್ಲಿ, ಎತ್ತಿನ ಗಾಡಿಯಲ್ಲೇ ತೀರಿಕೊಂಡಳು. ಆ ಗಾಡಿಯಲ್ಲಿ ಅವಳ ತಲೆ ಹಿಡಿದು ಕೂತಿದ್ದವಳು ತಿಪ್ಪಮ್ಮ. ಮಾರ್ಕೋನಹಳ್ಳಿಯ ಗಂಡನ ಮನೆಯಿಂದ ಅವಳು ಧೈರ್ಯವಾಗಿ ಬಂದದ್ದು ಈ ಕೋಣೆಯಿದೆಯೆಂದು. ಸುತ್ತೋಲೆ ಓದಿ ಹೇಳಿದಾಗಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ನಿನ್ನೆ ನನ್ನ ಸೆರಗು ಹಿಡಿದು ಕೇಳಿದಳು: "ಅತ್ಗೆ, ನನ್ ಹೆಸರ ಮುಂದೆ ಈ ಊರೇ ಬರ್ಕೊಂಡ್ರೆ ಆಗಾಕಿಲ್ವಾ?"

ನಾನು ನರ್ಸಮ್ಮ ಚಿಕ್ಕಮಾರಮ್ಮನವರನ್ನು ಕೇಳಿದೆ. ಅವರು ರಿಜಿಸ್ಟರು ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. "ಸಾಹೇಬ್ರ ಮೊಮ್ಮಗಳು ಕಣವ್ವ. ಇದೇ ಕೈಯಲ್ಲಿ ಎತ್ಕೊಂಡಿದ್ದು. ಅದ್ರ ಮುಂದೂ ಅಪ್ಪನ ಊರು ಊರ್ಡಿಗೆರೆ ಅಂತ್ಲೇ ಐತೆ, ಎಣಿಕೆಗೆ ಬಂದಿಲ್ಲ."

ನಿಮ್ಮ ಮಗಳೂ ತವರಿಗೆ ಬಂದಿದ್ದರಲ್ಲವೇ? ಹುಟ್ಟಿಯೂ ಎಣಿಕೆಗೆ ಬಾರದ ಐವತ್ತಮೂರು ಕೂಸುಗಳಲ್ಲಿ ಒಂದನ್ನು ನೀವು ತೊಡೆಯ ಮೇಲೆ ಕೂರಿಸಿಕೊಂಡು ಆಡಿಸುತ್ತಿದ್ದೀರಿ.

ದಯವಿಟ್ಟು ಆ 'ಖಾಯಂ ನಿವಾಸಿ'ಯನ್ನು ಹೊಡೆದುಹಾಕಿ. ಇಲ್ಲಿ ಹುಟ್ಟಿದ್ದು ಇಲ್ಲಿಯದೆಂದು ಬರೆಯಿರಿ, ಒಂದನೇ ತಾರೀಖಿನೊಳಗೆ. ಆಗದಿದ್ದರೆ ಐದನೇ ತಾರೀಖು ನೀವೇ ಬಂದು ಬೀಗದ ಮುಂದೆ ನಿಂತು ತಿಪ್ಪಮ್ಮನಿಗೆ ಹೇಳಿ, ಅವಳು ಯಾವ ಊರಿನವಳೆಂದು.

ಇಂತಿ,
ಮುಂದೊಂದು ದಿನ ತುಮಕೂರಿನ ತವರಿನಲ್ಲಿ ಹೆತ್ತು ಯಾವ ಊರಿನ ಲೆಕ್ಕಕ್ಕೂ ಸಿಗದೆ ಹೋಗುವ
ನಿಮ್ಮೂರಿನ ಹೊಸ ಸೊಸೆ
೧೯೮೪