ಮಗ್ಗದ ಕುಣಿಯ ಅಣಬೆ

ಬನಹಟ್ಟಿ
3 ಆಗಸ್ಟ್ 2025

ಪ್ರೀತಿಯ ಮಂಗಲಾ ಅತ್ತಿ,

ಒಂದು ನೂಲಿನ ಗಂಟಿನ ವಿಷಯ ಕೇಳಬೇಕಿದೆ, ಅದಕ್ಕೇ ಬರುತ್ತೇನೆ, ಮೊದಲು ನೀವು ಆರಾಮ ಇದ್ದೀರಾ ಹೇಳಿ. ಹೊತ್ತಿಗೆ ಸರಿಯಾಗಿ ಉಣ್ಣುತ್ತೀರಾ? ನಾನು ವೈಶಾಲಿ, ನಿಮ್ಮ ಅಣ್ಣನ ಮಗಳು. ಓದು ಬಿಡಿಸಿ ಮದುವೆ ಮಾಡುತ್ತಾರೆಂದು ನೀವು ಮನೆ ಬಿಟ್ಟಾಗ ನನಗೆ ಐದು ವರ್ಷ. ನಿಮ್ಮ ಅಪ್ಪ, ನನ್ನ ಮುತ್ಯಾ, ಗಟ್ಟಿ ಇದ್ದಾರೆ; ನಿಮ್ಮ ಅವ್ವ, ನನ್ನ ಆಯಿಗೆ ಕಣ್ಣು ಮಂಜು.

ನನಗೆ ಅಣಬೆ ಹುಚ್ಚು ಅತ್ತಿ! ಮೊಬೈಲಿನಲ್ಲಿ ನಮ್ಮದೊಂದು ಗ್ರೂಪೇ ಇದೆ, ಒಂದು ಫೋಟೋ ಬಿದ್ದರೆ ಇನ್ನೂರು ಮೆಸೇಜು. ಅದಕ್ಕೇ ನೀವು ಓದಿದ ವಿಶ್ವವಿದ್ಯಾಲಯಕ್ಕೇ ಸೇರಿದೆ. ಅಲ್ಲಿ ಒಣಗಿಸಿದ ಅಣಬೆಗಳನ್ನು ಕಾಗದದ ಪೊಟ್ಟಣಗಳಲ್ಲಿ ಮಡಚಿ ಕಪಾಟಿನಲ್ಲಿಡುತ್ತಾರೆ, ಯಾವುದನ್ನೂ ಕಟ್ಟುವುದಿಲ್ಲ. ಒಂದಕ್ಕೆ ಮಾತ್ರ ನೂಲು ಸುತ್ತಿತ್ತು. ನೇಯುವಾಗ ಎಳೆ ಕಡಿದರೆ ಮುತ್ಯಾ ಹಾಕುವ ಗಂಟು, ಬಾಲ ಎಡಕ್ಕೆ. ಅದನ್ನು ಅವರು ಕಲಿಸಿದ್ದು ನಿಮಗೆ, ಆಮೇಲೆ ನನಗೆ ಮಾತ್ರ. ಚೀಟಿಯಲ್ಲಿ ನಿಮ್ಮ ಹೆಸರು. ಸಿಕ್ಕ ಜಾಗ: ಬನಹಟ್ಟಿ, ನಮ್ಮ ಮನೆ, ಮಗ್ಗದ ಕುಣಿ. ಬಿಚ್ಚಿದರೆ ನುಸಿಗುಳಿಗೆಯ ವಾಸನೆ ಬರಬೇಕಿತ್ತು. ಬಂದದ್ದು ನೂಲಿಗೆ ಹಚ್ಚುವ ಗಂಜಿಯ ವಾಸನೆ, ಈಗಷ್ಟೇ ಒಲೆಯಿಂದ ಇಳಿಸಿದ ಹಾಗೆ. ಕಪಾಟು ನೋಡಿಕೊಳ್ಳುವ ರಾಮಲಿಂಗಪ್ಪ ಸರ್ ನಕ್ಕರು: “ಯಾಕವಾ ತಂಗಿ, ಒಣಾ ಅಣಬಿ ನೋಡಿ ಇಷ್ಟ್ಯಾಕ ಬೆವರಾಕತ್ತಿ? ಕಡೀತೈತೇನು ಅದು?”

ನಾನು ಬೆವತದ್ದು ಇದಕ್ಕೆ: ನೀವು ಹೋದ ಮರುವರ್ಷ, ನಾಗರ ಪಂಚಮಿ ಹತ್ತಿರ ಬಂದಿತ್ತು. ಮುತ್ಯಾ ಕಾಲು ಇಳಿಬಿಟ್ಟು ನೇಯುತ್ತಿದ್ದ ಆ ಕುಣಿಯಲ್ಲಿ ಒಬ್ಬ ಹೆಂಗಸು ಮುದುಡಿ ಕೂತಿದ್ದಳು. ನನ್ನನ್ನು ನೋಡಿ ತುಟಿಗೆ ಬೆರಳಿಟ್ಟಳು. ನಾನು ಚೀರಿದೆ. ಎಲ್ಲರೂ ಓಡಿಬರುವಷ್ಟರಲ್ಲಿ ಕುಣಿ ಖಾಲಿ. ಆಯಿ “ಯಾರೂ ಇಲ್ಲ ಬೇ, ಸುಮ್ಮಸುಮ್ಮನ ಅಂಜಬ್ಯಾಡ” ಅಂತ ದೃಷ್ಟಿ ತೆಗೆದಳು. ಮುತ್ಯಾ ಬಹಳ ಹೊತ್ತು ಕುಣಿಯನ್ನೇ ನೋಡಿ “ಮಣ್ಣ ತುಂಬ್ರಿ ಅದಕ್ಕ” ಅಂದರು. ಮರುದಿನವೇ ತುಂಬಿದರು. ಈಗ ಅದರ ಮೇಲೆ ಪಾವರ್‌ಲೂಮ್ ಕೂತಿದೆ.

ಆ ಹೆಂಗಸು ನೀವೇನಾ? ಹಬ್ಬಕ್ಕೆ ತವರಿಗೆ ಬಂದವರನ್ನು ನಾನೇ ಚೀರಿ ಓಡಿಸಿದೆನಾ ಅತ್ತಿ? ಆ ಸಂಕಟಕ್ಕೇ ವಿಶ್ವವಿದ್ಯಾಲಯದ ಹಳೆಯ ರಿಜಿಸ್ಟರಿನಲ್ಲಿ ಸಿಕ್ಕ ನಿಮ್ಮ ವಿಳಾಸಕ್ಕೆ ಬರೆಯುತ್ತಿದ್ದೇನೆ. ಆಯಿ ನಿಮಗೆಂದು ಪ್ರತಿ ಪಂಚಮಿಗೂ ಕುಪ್ಪಸಕ್ಕೆ ಒಂದು ಖಣ ಎತ್ತಿಡುತ್ತಾಳೆ. ಈ ಸಲದ್ದು ಹಸಿರು. ಬಂದು ಒಯ್ಯಿರಿ.

ನಿಮ್ಮ ಮಗಳಂಥವಳು,
ವೈಶಾಲಿ

ತಾ.ಕ.: ಬಸ್ಸಿನ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ನಿನ್ನೆ ಆಯಿಯನ್ನು ಕೇಳಿದೆ. ಕುಣಿ ತುಂಬಿದ್ದು ಪಂಚಮಿಯ ಹಿಂದಿನ ದಿನವಂತೆ, ಹಬ್ಬದ ದಿನ ಮಣ್ಣು ಮುಟ್ಟಬಾರದೆಂದು. ನಿಮ್ಮ ಚೀಟಿಯಲ್ಲಿ ಅಣಬೆ ಕಿತ್ತ ತಾರೀಖು ಅದೇ ವರ್ಷದ ಪಂಚಮಿಯದು, ಅಂದರೆ ಕುಣಿ ಮುಚ್ಚಿದ ಮೇಲಿನದು. ಈ ಲಕೋಟೆಯೊಳಗೆ ಎರಡು ತುಂಡು ನೂಲು ಇಟ್ಟಿದ್ದೇನೆ. ನೀವು ಬದುಕಿರುವುದು ಖರೆಯಾದರೆ, ಆ ಗಂಟು ಹಾಕಿ ವಾಪಸ್ ಕಳಿಸುತ್ತೀರಾ, ನೋಡೋಣ?